ಆಕ್ಷೇಪಣೆಗೆ ಒಂದೇ ತಿಂಗಳು

ಮುಂಬೈಯ ಕುರ್ಲಾದಲ್ಲಿ ಮೈದಾನಕ್ಕೋ ಶಾಲೆಗೋ ಮೀಸಲಾದ ಜಾಗವನ್ನು ಅಭಿವೃದ್ಧಿ ಯೋಜನೆ ತಿದ್ದಿ ವಾಣಿಜ್ಯ ಕಟ್ಟಡಕ್ಕೆ ಕೊಡಬೇಕಾದರೆ, 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 37ನೇ ಕಲಮಿನಂತೆ ಪ್ರಕಟಣೆ ಹೊರಡಬೇಕು. ಆಕ್ಷೇಪಣೆ, ಸಲಹೆಗೆ ಒಂದು ತಿಂಗಳ ಗಡುವು. ಯಾರು ಬೇಕಾದರೂ ಬರೆಯಬಹುದು.

‘ಕಟ್ಟಡ ಬೇಡ’ ಎಂದಷ್ಟೇ ಬರೆದರೆ ತೂಕವಿರದು. ಅರ್ಜಿಯಲ್ಲಿ ಜಾಗದ ನಗರ ಸರ್ವೆ (ಸಿಟಿಎಸ್) ಸಂಖ್ಯೆ ಇರಬೇಕು. ಎಲ್‌ಬಿಎಸ್ ಮಾರ್ಗದ ವಾಹನ ದಟ್ಟಣೆ, 2005ರ ಜುಲೈ 26ರ ಮಹಾಮಳೆಯಲ್ಲಿ ಮಿಠಿ ನದಿಯ ನೀರು ಗೋಡೆಯ ಮೇಲೆ ಬಿಟ್ಟ ಗುರುತು, ಅಗ್ನಿಶಾಮಕ ವಾಹನ ನುಗ್ಗಲಾಗದ ಗಲ್ಲಿಯ ಅಗಲ – ಇಂಥವು ಅಳತೆ, ಫೋಟೊ ಸಹಿತ ಬರಬೇಕು. ಒಪ್ಪಿಗೆಯಿದ್ದರೆ ಷರತ್ತುಗಳನ್ನೂ ಸೂಚಿಸಬಹುದು.

ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿಡುವುದು ಲೇಸು. ಆಕ್ಷೇಪಣೆಗಳ ವಿಚಾರಣೆಯ ದಿನ ಅದೇ ಆಧಾರ.