ನೆರಳಿನ ಅಳತೆ, ಬಿಸಿಲಿನ ಫಲ: ವಿಟಮಿನ್ ಡಿ ಕುರಿತು ಒಂದು ಪಾಠ

ರಾಯದುರ್ಗ, ಮಡಕಶಿರ ಸೀಮೆಯಲ್ಲಿ ಮಳೆಗೆ ಬರವುಂಟು, ಬಿಸಿಲಿಗೆ ಬರವಿಲ್ಲ. ಆದರೂ ಬಿಸಿಲಿನಿಂದ ದೊರೆಯಬೇಕಾದ ವಿಟಮಿನ್ ಡಿ ನಮ್ಮಲ್ಲಿ ಅನೇಕರಿಗೆ ಸಾಲದಾಗಿರಬಹುದು. ತಿರುಪತಿಯ ಸುತ್ತಮುತ್ತ ನಡೆದ ಅಧ್ಯಯನಗಳು ಆರೋಗ್ಯವಂತರಲ್ಲಿಯೂ ಈ ಕೊರತೆ ವ್ಯಾಪಕವಾಗಿರುವುದನ್ನೂ, ಹಳ್ಳಿಗರಿಗಿಂತ ಪಟ್ಟಣಿಗರಲ್ಲಿ ಅದು ಹೆಚ್ಚಾಗಿರುವುದನ್ನೂ ತೋರಿಸಿವೆ. ಇದಕ್ಕೆ ಕಾರಣವೇನು?

ಚರ್ಮದಲ್ಲಿ ಕೊಲೆಸ್ಟೆರಾಲ್‌ಗೆ ಸಂಬಂಧಿಸಿದ ವಸ್ತುವೊಂದಿದೆ. ಸೂರ್ಯನ ಅತಿನೇರಳೆ-ಬಿ ಕಿರಣಗಳು ತಾಗಿದಾಗ ಅದು ವಿಟಮಿನ್ ಡಿಯಾಗಿ ಮಾರ್ಪಡುತ್ತದೆ. ಅನಂತರ ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಬದಲಾವಣೆ ಹೊಂದಿ, ಆಹಾರದ ಕ್ಯಾಲ್ಸಿಯಂ ಅನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಇದರ ಕೊರತೆಯಿಂದ ಮಕ್ಕಳಲ್ಲಿ ರಿಕೆಟ್ಸ್, ದೊಡ್ಡವರಲ್ಲಿ ಮೂಳೆ ಮೆದುವಾಗುವ ರೋಗ ಉಂಟಾಗುತ್ತವೆ. 1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ಅತಿನೇರಳೆ ದೀಪದ ಬೆಳಕಿನಿಂದಲೇ ರಿಕೆಟ್ಸ್ ಗುಣಪಡಿಸಿ ತೋರಿಸಿದನು.

ಎಳೆಬಿಸಿಲು ಶ್ರೇಷ್ಠವೆಂಬ ನಂಬಿಕೆ ನಮ್ಮಲ್ಲಿದೆ. ಅದು ಮೈಗೆ ಹಿತಕರವೆಂಬುದು ನಿಜ. ಆದರೆ ಸೂರ್ಯನು ಕೆಳಗಿರುವಾಗ ಕಿರಣಗಳು ವಾಯುಮಂಡಲದಲ್ಲಿ ದೀರ್ಘವಾಗಿ ಸಾಗಿಬರುವುದರಿಂದ ಅತಿನೇರಳೆ-ಬಿ ಬಹುಪಾಲು ದಾರಿಯಲ್ಲೇ ಹೀರಲ್ಪಡುತ್ತದೆ. ಇದನ್ನರಿಯಲು ಉಪಕರಣ ಬೇಡ, ನಮ್ಮ ನೆರಳೇ ಸಾಕು. ನೆರಳು ನಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಫಲ ಅತ್ಯಲ್ಪ. ಗಿಡ್ಡವಾಗಿದ್ದರೆ ಫಲ ಹೆಚ್ಚು. ನಮ್ಮೆರಡು ಊರುಗಳೂ ಸುಮಾರು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದೊಳಗಿವೆ. ಆದ್ದರಿಂದ ಡಿಸೆಂಬರ್ ತಿಂಗಳ ನಡುಹಗಲಿನಲ್ಲಿಯೂ ನೆರಳು ಎತ್ತರದ ಮುಕ್ಕಾಲು ಪಾಲನ್ನು ಹೆಚ್ಚು ಮೀರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಸುಮಾರು 9:15ಕ್ಕೇ, ಡಿಸೆಂಬರಿನಲ್ಲಿ ಸುಮಾರು 10:45ಕ್ಕೆ ನೆರಳು ನಮಗಿಂತ ಗಿಡ್ಡವಾಗುತ್ತದೆ. ಬೇಸಿಗೆಯಲ್ಲಿ ಸುಡುಬಿಸಿಲಿಗೆ ಮುನ್ನವೇ ಆ ಹೊತ್ತನ್ನು ಬಳಸಿಕೊಳ್ಳುವುದು ಜಾಣತನ.

ಹೀಗಿದ್ದೂ ಕೊರತೆಯೇಕೆ? ರಾಯದುರ್ಗದ ಜೀನ್ಸ್ ಹೊಲಿಗೆಯವರು ಹಗಲೆಲ್ಲ ಸೂರಿನಡಿಯಲ್ಲಿ ದುಡಿಯುತ್ತಾರೆ. ಶೇಂಗಾ ಹೊಲದ ಹೆಂಗಸರು ಬಿಸಿಲಲ್ಲಿದ್ದರೂ ತಲೆಗೆ ಸೆರಗು, ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಡುತ್ತಾರೆ. ಬಟ್ಟೆ ಆ ಕಿರಣಗಳನ್ನು ತಡೆಯುತ್ತದೆ. ವಿದ್ಯಾರ್ಥಿಗಳು ಕಿಟಕಿಯ ಬಳಿ ಕುಳಿತರೂ ಪ್ರಯೋಜನವಿಲ್ಲ, ಗಾಜು ಅವನ್ನು ಒಳಬಿಡದು. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಮುಖ, ತೋಳುಗಳಿಗೆ ವಾರದಲ್ಲಿ ಕೆಲವು ದಿನ ಅರ್ಧಗಂಟೆಯಷ್ಟು ಬಿಸಿಲು ಬೀಳುವುದು ಒಳ್ಳೆಯದು. ಚರ್ಮ ಕೆಂಪಾಗಿ ಉರಿಯುವವರೆಗೆ ನಿಲ್ಲಬಾರದು.

ಬಿಸಿಲಿನಿಂದ ವಿಟಮಿನ್ ಡಿ ಮಿತಿಮೀರದು, ಹೆಚ್ಚಾದುದನ್ನು ಚರ್ಮವೇ ನಿಷ್ಕ್ರಿಯಗೊಳಿಸುತ್ತದೆ. ಮಾತ್ರೆಗಳಿಗೆ ಈ ಕಾವಲಿಲ್ಲ. ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗಬಾರದು. ಇನ್ನು ಬಿಸಿಲೊಂದೇ ಸಾಲದು, ಮೂಳೆಗೆ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆಯನ್ನು ಬಿಟ್ಟು ಬಿಳಿಯನ್ನಕ್ಕೆ ಹೊರಳಿದ ಮನೆಗಳು ಇದನ್ನು ಯೋಚಿಸಬೇಕು.

ನಾಳೆ ಕಾಲೇಜಿನ ಅಂಗಳದಲ್ಲಿ ಗಂಟೆಗೊಮ್ಮೆ ನಿಮ್ಮ ನೆರಳನ್ನು ಅಳೆದು ಬರೆದಿಡಿರಿ. ಮನೆಗೆ ಹೋಗಿ ತಾಯಿಗೂ ಅಜ್ಜಿಗೂ ಅದರ ಅರ್ಥವನ್ನು ತಿಳಿಸಿರಿ.