ಮೈಕ್‌ಸೆಟ್ಟಿನ ಪ್ಲೇಟುಗಳಿಗೆ ಊರೇ ವಾರಸುದಾರ

ಗ್ರಾಮಫೋನ್ ಪ್ಲೇಟುಗಳಿಗೆ ಮತ್ತೆ ಬೇಡಿಕೆ ಬಂದಿದೆ. ಹೊಸದಾಗಿ ಒತ್ತಿದ ಎಲ್‌ಪಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರು ಹೇಳುವ ಕಾರಣ ಒಂದೇ: ನಾದದ ಸೊಗಸು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೆಯ ಪ್ಲೇಟುಗಳ ಒಡನಾಟದಲ್ಲಿ ನಾನು ಕಲಿತದ್ದು ಬೇರೆ. ಇಲ್ಲಿ ಪ್ಲೇಟು ಮನೆಯೊಳಗಿನ ಸೊತ್ತಾಗಿದ್ದುದು ಕಡಿಮೆ. ಸ್ವಂತ ಪ್ಲೇಯರ್ ಇದ್ದ ಮನೆಗಳು ಊರಿಗೆ ಒಂದೋ ಎರಡೋ. ಉಳಿದವರೆಲ್ಲ ಹಾಡು ಕೇಳಿದ್ದು ಮೈಕ್‌ಸೆಟ್ಟಿನವರಿಂದ: ಮದುವೆ ಚಪ್ಪರದಲ್ಲಿ, ತೇರಿನ ದಿನ, ಟೂರಿಂಗ್ ಟಾಕೀಸಿನ ಡೇರೆಯ ಮುಂದೆ. ಆಟ ಶುರುವಾಗುವ ಮುನ್ನ ಘಂಟಸಾಲ ಅವರ ವೆಂಕಟೇಶ ಸ್ತುತಿ ಕೇಳಿಬಂದರೆ ಟಿಕೆಟ್ಟಿನ ಸಾಲು ಚುರುಕಾಗುತ್ತಿದ್ದ ಕಾಲ ಅದು. ಹಾಗಾಗಿ ಈ ಪ್ಲೇಟುಗಳ ಮರುಶೋಧವೂ ಊರಿನ ಕೆಲಸವಾಗಬೇಕು, ಒಬ್ಬಿಬ್ಬರ ಸಂಗ್ರಹದಲ್ಲಿ ಮುಗಿಯಬಾರದು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಪ್ಲೇಟಿನ ಮೈಮೇಲೇ ಇದೆ. ಲೇಬಲ್ಲಿನ ಮೇಲೆ ಸೌಂಡ್ಸ್ ಅಂಗಡಿಯ ಮೊಹರು, ಶಾಯಿಯಲ್ಲಿ ಬರೆದ ಸಂಖ್ಯೆ, ಬೆಳ್ಳಗಾಗುವಷ್ಟು ಸವೆದ ಗೆರೆ. ಭಾರದ ಮುಳ್ಳಿನಡಿ ನೂರಾರು ಸಲ ತಿರುಗಿದ ಗುರುತು ಇದು. ಸವೆತಕ್ಕೂ ಒಂದು ಕ್ರಮವಿದೆ. ಮುಳ್ಳು ಮೊದಲು ಅಳಿಸುವುದು ಏರುನಾದದ ಸೂಕ್ಷ್ಮ ಅಲೆಗಳನ್ನು. ತಗ್ಗಿನ ನಾದದ ದೊಡ್ಡ ಅಲೆಗಳು ಬಹುಕಾಲ ಉಳಿಯುತ್ತವೆ. ಅತ್ತ ಕಂಬಕ್ಕೆ ಕಟ್ಟುತ್ತಿದ್ದ ಹಾರ್ನ್ ಸ್ಪೀಕರ್ ತಗ್ಗಿನ ನಾದವನ್ನು ಹೊರಡಿಸಲಾರದು. ಗಾಯಕರ ದನಿ ಹೊಲ ದಾಟಿ ಪಕ್ಕದ ಹಳ್ಳಿಗೆ ಮುಟ್ಟುತ್ತಿತ್ತು. ತಬಲಾದ ಎಡಭಾಗದ ಗುಂಯ್‌ಕಾರ ಚಪ್ಪರದೊಳಗೂ ಕೇಳುತ್ತಿರಲಿಲ್ಲ. ಅಂದರೆ ಊರೆಲ್ಲ ಸೇರಿ ಸವೆಸಿದ ಪ್ಲೇಟಿನಲ್ಲಿ ಊರು ಎಂದೂ ಕೇಳದ ಭಾಗವೇ ಚೆನ್ನಾಗಿ ಉಳಿದಿದೆ. ಹಗುರ ಮುಳ್ಳಿನ ಪ್ಲೇಯರು, ಸಾಧಾರಣ ಪೆಟ್ಟಿಗೆ ಸ್ಪೀಕರು ಇದ್ದರೆ ಅದನ್ನು ಇವತ್ತೂ ಕೇಳಬಹುದು. ಇಷ್ಟು ದೊಡ್ಡ ಸಂಗತಿ ಗುಜರಿಯ ಮೂಟೆಯಲ್ಲಿ ಬಿದ್ದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಎಲ್ಲ ಹಾಡೂ ಮೊಬೈಲಿನಲ್ಲಿ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹಾಡು ಸಿಗುತ್ತದೆ, ನಿಜ. ಯಾವ ಹಾಡು ಎಂಬುದು ಪ್ರಶ್ನೆ. ದುರ್ಗದ ಕೋಟೆಯನ್ನು ನಾಡಿಗೆಲ್ಲ ತೋರಿಸಿದ ‘ನಾಗರಹಾವು’ ಚಿತ್ರವನ್ನೇ ನೋಡಿ. ತಳುಕಿನ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಚಿತ್ರ. ಸಂಗೀತ ವಿಜಯಭಾಸ್ಕರ್, ಓಬವ್ವನ ಹಾಡಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠ. 2018ರಲ್ಲಿ ಅದು 7.1 ಧ್ವನಿಯಲ್ಲಿ ಮತ್ತೆ ತೆರೆಗೆ ಬಂತು. ಇಂದಿನ ಚಿತ್ರಮಂದಿರಕ್ಕೆ ಅದು ಬೇಕಾಗಿದ್ದಿರಬಹುದು, ನನ್ನ ತಕರಾರಿಲ್ಲ. ಆದರೆ 1972ರ ಕಿವಿಗೆ ವಾದ್ಯ ಎಷ್ಟು ಹಿಂದಿತ್ತು, ದನಿ ಎಷ್ಟು ಮುಂದಿತ್ತು ಎಂದು ತಿಳಿಯಲು ಆ ಕಾಲದಲ್ಲೇ ಒತ್ತಿದ ಪ್ಲೇಟು ಬೇಕು. ಅಂದಿನ ಏಳು ಇಂಚಿನ ಇ.ಪಿ.ಯ ಲೇಬಲ್ಲಿನಲ್ಲಿ ಗೀತರಚನಕಾರರ ಹೆಸರೂ ಇರುತ್ತಿತ್ತು; ಮೊಬೈಲಿನಲ್ಲಿ ಬಹಳ ಸಲ ನಾಯಕನಟನ ಹೆಸರಷ್ಟೇ ಉಳಿದಿರುತ್ತದೆ.

ಇನ್ನೊಂದು ಆಕ್ಷೇಪ, ಇದು ಹಣವಂತರ ಹವ್ಯಾಸ ಎಂಬುದು. ಬೆಲೆಯ ಮಾತು ಒಪ್ಪತಕ್ಕದ್ದೇ. ಆದರೆ ನಿಜವಾಗಿ ಕೊರತೆಯಾಗಿರುವುದು ತಿಳಿವಳಿಕೆ. 78 ಸುತ್ತಿನ ಪ್ಲೇಟು ಅರಗಿನದ್ದು. ಅದನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗಿ ಹಾಡು ಹಾಳಾಗುತ್ತದೆ. ಅದರ ಗೆರೆ ಅಗಲ, ಎಲ್‌ಪಿಯ ಗೆರೆ ಕಿರಿದು. ಎಲ್‌ಪಿಯ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದ ಕಸದಲ್ಲಿ ಓಡಿ ಬರೀ ಕರಕರ ಕೇಳಿಸುತ್ತದೆ, ಕೇಳಿದವರು ಪ್ಲೇಟೇ ಕೆಟ್ಟಿದೆ ಎಂದು ಎಸೆಯುತ್ತಾರೆ. ನಮ್ಮದು ಗಾಳಿ, ದೂಳು, ಬಿಸಿಲಿನ ಬಯಲುಸೀಮೆ. ಒಂದರ ಮೇಲೊಂದು ಪೇರಿಸಿಟ್ಟ ಎಲ್‌ಪಿಗಳು ಒಂದು ಬೇಸಗೆಯಲ್ಲೇ ಸೊಟ್ಟಗಾಗಬಹುದು. ತಂಪಾದ ಕಡೆ ನೆಟ್ಟಗೆ ನಿಲ್ಲಿಸಿಟ್ಟರೆ ದಶಕಗಳು ಬಾಳುತ್ತವೆ. ವಾಲ್ವಿನ ಹಳೆಯ ಆಂಪ್ಲಿಫೈಯರ್ ಸಿಕ್ಕಿದರೆ ಆತುರಕ್ಕೆ ಕರೆಂಟು ಕೊಡಬಾರದು. ಒಳಗಿನ ಕೆಪಾಸಿಟರುಗಳು ಒಣಗಿರುತ್ತವೆ, ವೈರು ತೆಗೆದ ಮೇಲೂ ಅಪಾಯಕಾರಿ ಒತ್ತಡ ಉಳಿದಿರಬಹುದು. ರಿಪೇರಿ ಬಲ್ಲವರ ಕೈಗೇ ಅದು ಹೋಗಬೇಕು. ಇವುಗಳಲ್ಲಿ ಬಹುಪಾಲಿಗೆ ಹಣವೇ ಬೇಡ.

ಸವೆದ ಪ್ಲೇಟು ನುಡಿಸಿದರೆ ಇನ್ನಷ್ಟು ಸವೆಯುವುದಿಲ್ಲವೇ ಎಂಬ ಪ್ರಶ್ನೆ ಮಾತ್ರ ತೂಕದ್ದು. ಹೌದು, ಸವೆಯುತ್ತದೆ. ಅದಕ್ಕೇ ಒಮ್ಮೆ ಶುಚಿಮಾಡಿ, ತಕ್ಕ ಮುಳ್ಳಿನಿಂದ ನುಡಿಸಿ, ಆ ಹೊತ್ತಿನಲ್ಲೇ ಕಂಪ್ಯೂಟರಿಗೂ ಇಳಿಸಿಕೊಳ್ಳಬೇಕು. ಗಾತ್ರ ತುಸು ಬೇರೆಯಿರುವ ಮುಳ್ಳು ಗೆರೆಯ ಸವೆಯದ ಎತ್ತರದಲ್ಲಿ ಕೂತು ಎಷ್ಟೋ ಸ್ಪಷ್ಟವಾಗಿ ಹಾಡಿಸುತ್ತದೆ. ಅಂಥ ಕೇಳುವ ಸಂಜೆಗೆ ಜಾಗದ ಬರವಿಲ್ಲ: ಸಾಣೇಹಳ್ಳಿಯಲ್ಲಿ ರಂಗಮಂದಿರವಿದೆ, ತಾಲ್ಲೂಕಿಗೊಂದು ಗ್ರಂಥಾಲಯವಿದೆ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿಗೆ ಪ್ಲೇಟು ಹಾಕಿದ ಮೈಕ್‌ಸೆಟ್ಟಿನ ಹಿರಿಯರು ಇರುವಾಗಲೇ ಅವರನ್ನು ಕರೆದು ಕೂರಿಸಿ, ಯಾವ ಹಾಡಿಗೆ ಯಾವ ಹೊತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ನಿಮ್ಮ ಅಟ್ಟದಲ್ಲಿ ಅಂಥ ಪ್ಲೇಟಿನ ಕಟ್ಟು ಇದ್ದರೆ ದಯವಿಟ್ಟು ಗುಜರಿಗೆ ತೂಗಿಸಬೇಡಿ. ಬಿಸಿಲಿನಿಂದ ತೆಗೆದು ನೆಟ್ಟಗೆ ನಿಲ್ಲಿಸಿಡಿ, ಊರಿನ ಗ್ರಂಥಾಲಯಕ್ಕೆ ಒಂದು ಮಾತು ತಿಳಿಸಿ.