ಮಾರಾಟದ ವಸ್ತುವೂ ಅದರ ಛಾಯಾಚಿತ್ರವೂ

ತಿರುವನಂತಪುರದ ಚಾಲೆ ಪೇಟೆಯಲ್ಲಿ ಬಾಲರಾಮಪುರದ ಕೈಮಗ್ಗದ ಮುಂಡನ್ನು ಕೊಳ್ಳಬಂದವನು ಬಟ್ಟೆಯನ್ನು ಬೆರಳುಗಳ ನಡುವೆ ಹೊಸೆದು, ಬಾಗಿಲ ಬೆಳಕಿಗೆ ಹಿಡಿದು, ಅಂಚನ್ನು ಮಗುಚಿ ನೋಡಿದ ತರುವಾಯ ಬೆಲೆಯ ಮಾತೆತ್ತಬಹುದು. ಅಂತರ್ಜಾಲದ ಮಾರುಕಟ್ಟೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಕೊಳ್ಳುವವನ ಬೆರಳೂ ಕಣ್ಣೂ ಮಾರುವವನು ತೆಗೆದ ಛಾಯಾಚಿತ್ರವೇ.

ಮೊದಲು ಬಣ್ಣದ ವಿಚಾರ. ಚಲುವೆ ಮಾಡದ ಹತ್ತಿಯದು ಕೆನೆಯ ಬಣ್ಣ. ಹಳದಿ ದೀಪದಡಿಯಲ್ಲಿ ಅದು ಅರಿಸಿನ ಬಳಿದಂತೆ ಕಾಣುತ್ತದೆ; ಮೊಬೈಲ್ ಕ್ಯಾಮೆರಾ ತಾನಾಗಿಯೇ ಬಣ್ಣವನ್ನು ತಿದ್ದಹೊರಟು ಅದನ್ನು ಅಚ್ಚ ಬಿಳುಪಾಗಿಸುವುದೂ ಉಂಟು. ನೇರ ಬಿಸಿಲು ಬೀಳದ ಕಿಟಕಿಯ ಬಳಿ, ದೀಪಗಳನ್ನಾರಿಸಿ, ಪಕ್ಕದಲ್ಲೊಂದು ಬಿಳಿಯ ಕಾಗದವನ್ನಿಟ್ಟು ತೆಗೆದರೆ ನೋಡುವವನಿಗೆ ಹೋಲಿಕೆಗೊಂದು ಆಧಾರ ದೊರೆಯುತ್ತದೆ. (ಎಲ್ಲರೂ ಶಪಿಸುವ ಮಳೆಗಾಲದ ಮೋಡದ ಬೆಳಕು ಈ ಕೆಲಸಕ್ಕೆ ಬಹು ಯೋಗ್ಯವಾದುದು!) ಕಸವಿನ ಜರಿ ಬೆಳ್ಳಿಯದೋ ತಾಮ್ರದ್ದೋ ಎಂಬುದನ್ನು ಮಾತ್ರ ಚಿತ್ರವು ಹೇಳಲಾರದು, ಅದನ್ನು ಅಕ್ಷರದಲ್ಲಿಯೇ ಬರೆಯಬೇಕು.

ಕೊಚ್ಚಿಯ ಮಟ್ಟಾಂಚೇರಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವಂಥ ಕಂಚಿನ ಉರುಳಿಯ ತೊಡಕು ಬೇರೆ. ಎದುರಿನ ಬೆಳಕು ತಗ್ಗುಗಳನ್ನು ಮರೆಸುತ್ತದೆ. ಓರೆಯಾಗಿ ಬೀಳುವ ಬೆಳಕು ನೆರಳು ಮೂಡಿಸಿ ಅವನ್ನು ತೋರಿಸುತ್ತದೆ. ತೀರ ಹತ್ತಿರದಿಂದ ತೆಗೆದರೆ ಮುಂದಿನ ಅಂಚು ಹಿಗ್ಗಿದಂತಾಗಿ ಆಕಾರ ಕೆಡುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ಅಡಿಕೋಲನ್ನು ಜೊತೆಗಿಟ್ಟು ತೆಗೆಯಬೇಕು. ಬಿರುಕಿದ್ದರೆ ಅದಕ್ಕೆ ಪ್ರತ್ಯೇಕವಾದ ಚಿತ್ರ.

ದೋಷವನ್ನು ತೋರಿಸಿದರೆ ಕೊಳ್ಳುವವರಾರೆಂದು ನೀವು ಕೇಳಬಹುದು. 2018ರ ಆಗಸ್ಟ್ ತಿಂಗಳ ಪ್ರವಾಹವು ಎರ್ನಾಕುಳಂ ಜಿಲ್ಲೆಯ ಚೇಂದಮಂಗಲದ ಮಗ್ಗಗಳನ್ನು ಮುಳುಗಿಸಿ, ಓಣಂ ಹಬ್ಬಕ್ಕೆಂದು ನೇಯ್ದಿಟ್ಟಿದ್ದ ಸೀರೆಗಳನ್ನು ಕೆಸರುಪಾಲು ಮಾಡಿತು. ಲಕ್ಷ್ಮಿ ಮೇನೋನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬವರು ಆ ಬಟ್ಟೆಯನ್ನು ತೊಳೆಯಿಸಿ, ಸ್ವಯಂಸೇವಕರ ನೆರವಿನಿಂದ ‘ಚೇಕುಟ್ಟಿ’ ಎಂಬ ಪುಟ್ಟ ಗೊಂಬೆಗಳನ್ನು ಮಾಡಿಸಿದರು. ಸುಮಾರು 1,300 ರೂಪಾಯಿಯ ಒಂದು ಸೀರೆಯಿಂದ 360 ಗೊಂಬೆಗಳಾದುವು. ಒಂದಕ್ಕೆ 25 ರೂಪಾಯಿಯಂತೆ ಮಾರಿದಾಗ 9,000 ರೂಪಾಯಿ ಹುಟ್ಟಿತು. ಅಂತರ್ಜಾಲದ ಮೂಲಕವೂ ಅವು ಮಾರಾಟವಾದುವು. ಉಳಿದ ಕಲೆಗಳನ್ನು ಯಾರೂ ಮರೆಮಾಡಲಿಲ್ಲ. ಕಲೆಯೇ ಆ ಗೊಂಬೆಯ ಗುರುತಾಯಿತು.

ಇದಕ್ಕೆ ವಿರುದ್ಧವಾದುದು, ಕೈಮಗ್ಗದ ಸೀರೆಯ ಚಿತ್ರವನ್ನು ತೋರಿಸಿ ಯಂತ್ರಮಗ್ಗದ ಬಟ್ಟೆಯನ್ನು ಕಳುಹಿಸುವ ವ್ಯಾಪಾರ. ಅದರಿಂದ ಕೊಳ್ಳುವವನು ಮೋಸಹೋಗುವುದಲ್ಲದೆ, ದಿನಗಟ್ಟಲೆ ಮಗ್ಗದ ಮುಂದೆ ಕುಳಿತ ನೇಕಾರನ ಕೂಲಿಗೂ ಕುತ್ತು ಬರುತ್ತದೆ. ಪ್ರಕಟಿಸುವ ವಿವರಣೆಯೂ ಚಿತ್ರವೂ ವಸ್ತುವಿನ ನಿಜರೂಪಕ್ಕೂ ಗುಣಕ್ಕೂ ಸರಿಹೊಂದಿರುವುದೆಂದು ಮಾರುವವರಿಂದ ಮುಚ್ಚಳಿಕೆ ಪಡೆಯತಕ್ಕದ್ದೆಂದು ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ಅಂತರ್ಜಾಲದ ಮಾರುಕಟ್ಟೆಗಳಿಗೆ ವಿಧಿಸಿವೆ.